ತರ್ಕದಲ್ಲಿ ಬರುವ ಲ್ಯಾಟಿನ್ ಮಾತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿಯ ಚರ್ಚಾಸ್ಪರ್ಧೆಗಳಲ್ಲಿ, ಕಾನೂನು ತರಗತಿಗಳಲ್ಲಿ, ತಾಳಮದ್ದಳೆ (ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ) ಮುಗಿದ ಮೇಲೆ ಚಾ ಕುಡಿಯುತ್ತ ನಡೆಯುವ ಮಾತುಕತೆಯಲ್ಲಿ ಮತ್ತೆ ಮತ್ತೆ ಎದ್ದುಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಕೇಳಿದವರ ಮಾತನ್ನು ತಿದ್ದದೆ ಹಾಗೆಯೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಆಳದ್ದು ಕೊನೆಗೆ.

## ಆರಂಭಕ್ಕೆ

ವಾದ ಮಾಡ್ಲಿಕ್ಕೆ ಲ್ಯಾಟಿನ್ ಎಂತಕ್ಕೆ? ಕನ್ನಡದಲ್ಲಿ ಹೇಳಿದ್ರೆ ಆಗುದಿಲ್ವಾ?

ಧಾರಾಳ ಆಗುತ್ತದೆ. ಲ್ಯಾಟಿನ್ ಹೆಸರು ಹೇಳಿದ ಮಾತ್ರಕ್ಕೆ ವಾದಕ್ಕೆ ಗುಲಗಂಜಿಯಷ್ಟು ತೂಕವೂ ಸೇರುವುದಿಲ್ಲ. ಈ ಹೆಸರುಗಳು ಉಳಿದದ್ದು ಚರಿತ್ರೆಯ ಕಾರಣಕ್ಕೆ. ಅರಿಸ್ಟಾಟಲ್ ತರ್ಕವನ್ನು ಗ್ರೀಕ್‌ನಲ್ಲಿ ಬರೆದ. 6ನೇ ಶತಮಾನದ ಆರಂಭದಲ್ಲಿ ರೋಮಿನ ಪಂಡಿತ ಬೊಯೆಥಿಯಸ್ ಅದನ್ನು ಲ್ಯಾಟಿನ್‌ಗೆ ತಂದ. ಮುಂದೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠವೂ ವಾದವೂ ಲ್ಯಾಟಿನ್‌ನಲ್ಲೇ ನಡೆದವು, ಹೆಸರುಗಳು ಅಲ್ಲಿಯೇ ಗಟ್ಟಿಯಾದವು. ಅಲ್ಲಿಂದ ಇಂಗ್ಲಿಷಿಗೆ, ಬ್ರಿಟಿಷರ ಕೋರ್ಟುಗಳ ದಾರಿಯಲ್ಲಿ ನಮ್ಮಲ್ಲಿಗೆ. ನಾವು 'ಅನವಸ್ಥೆ' (ಕಾರಣಕ್ಕೆ ಕಾರಣ ಎಂದು ಕೊನೆಯಿಲ್ಲದೆ ಹೋಗುವುದು), 'ವಿತಂಡವಾದ' ಎಂದು ಸಂಸ್ಕೃತದ ಹೆಸರನ್ನೇ ಉಳಿಸಿಕೊಂಡ ಹಾಗೆ.

ಹೆಸರಿನಿಂದ ಒಂದು ಲಾಭ ಉಂಟು: ಹೆಸರು ಗೊತ್ತಿರುವ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಆ ತಪ್ಪನ್ನು ಎದುರಿನವರಿಗೆ ತೋರಿಸಿಕೊಡಬೇಕಾದರೆ, ಯಾವ ಮಾತಿನಿಂದ ಯಾವ ಮಾತಿಗೆ ಹಾರಿದಾಗ ಕಾಲು ತಪ್ಪಿತು ಎಂದು ಸರಳ ಕನ್ನಡದಲ್ಲೇ ಹೇಳಬೇಕು. ಕೆಳಗಿನ ಉತ್ತರಗಳೆಲ್ಲ ಈ ಅಭ್ಯಾಸಕ್ಕಾಗಿಯೇ.

'ಪ್ರೈಮಾ ಫೇಸಿ'ಯಾ, 'ಪ್ರೀಮಾ ಫಾಚಿಯೆ'ಯಾ? ಸರಿಯಾದ ಉಚ್ಚಾರ ಯಾವುದು?

'ಮೇಲ್ನೋಟಕ್ಕೆ' ಎಂಬರ್ಥದ ಈ ಮಾತಿನ ಉಚ್ಚಾರಕ್ಕೆ ಮೂರು ಪರಂಪರೆಗಳಿವೆ, ಮೂರೂ ಸರಿ. ನಮ್ಮ ಕೋರ್ಟುಗಳಲ್ಲಿ ಕೇಳುವುದು ಇಂಗ್ಲಿಷ್ ವಕೀಲರ ಲ್ಯಾಟಿನ್: ಪ್ರೈಮಾ ಫೇಸಿ. ಇಗರ್ಜಿಯ ಲ್ಯಾಟಿನ್‌ನಲ್ಲಿ 'ಎ', 'ಇ' ಸ್ವರಗಳ ಮುಂಚಿನ 'ಕ'ಕಾರ 'ಚ' ಆಗುತ್ತದೆ: ಪ್ರೀಮಾ ಫಾಚಿಯೆ. ಪ್ರಾಚೀನ ರೋಮಿನದೆಂದು ವಿದ್ವಾಂಸರು ಕಟ್ಟಿಕೊಂಡ ಉಚ್ಚಾರದಲ್ಲಿ 'ಕ' ಎಲ್ಲೆಡೆ 'ಕ'ವೇ: ಪ್ರೀಮಾ ಫಾಕಿಯೇ. ಮಂಗಳೂರಿನ ಇಗರ್ಜಿಗಳಲ್ಲಿ 1960ರ ದಶಕದವರೆಗೆ ಬಲಿಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಅದು ಕೊಂಕಣಿಗೆ ತಿರುಗಿತು. ಆದ್ದರಿಂದ ಇಲ್ಲಿನ ಹಿರಿಯ ಕ್ರೈಸ್ತರ ಬಾಯಲ್ಲಿ 'ಚ'ಕಾರ ಕೇಳಿದರೆ ಅದನ್ನು ತಪ್ಪೆಂದು ತಿದ್ದಬೇಡಿ. ಕೋರ್ಟಿನಲ್ಲಿ ಕೋರ್ಟಿನ ಉಚ್ಚಾರವನ್ನೇ ಬಳಸಿ, ನ್ಯಾಯಾಧೀಶರಿಗೆ ತಟ್ಟನೆ ತಿಳಿಯಬೇಕಲ್ಲ.

ಪಠ್ಯಪುಸ್ತಕದಲ್ಲಿ ಬರುವ 'ಐ.ಇ.' ಮತ್ತು 'ಇ.ಜಿ.' ಎರಡೂ ಒಂದೇ ಅಲ್ವಾ?

ಅಲ್ಲ. ಐ.ಇ. ಎಂದರೆ 'ಇದ್ ಎಸ್ಟ್', ಅಂದರೆ. ಇ.ಜಿ. ಎಂದರೆ 'ಎಕ್ಸೆಂಪ್ಲಿ ಗ್ರಾಷಿಯ', ಉದಾಹರಣೆಗೆ. "ಕರಾವಳಿಯ ಜಿಲ್ಲೆ, ಇ.ಜಿ. ಉಡುಪಿ" ಎಂದರೆ ಬೇರೆ ಜಿಲ್ಲೆಗಳೂ ಇವೆ. ಐ.ಇ. ಹಾಕಿದರೆ ಉಡುಪಿ ಒಂದೇ. ಕನ್ನಡ ಬರಹದಲ್ಲಿ ಎರಡೂ ಬೇಡ, 'ಅಂದರೆ', 'ಉದಾಹರಣೆಗೆ' ಸಾಕು.

ಭಾಷಣದಲ್ಲಿ 'ಎರ್ಗೊ' ಅಂತ ಹಾಕಿದ್ರೆ ಜೋರಾಗ್ತದಾ?

'ಎರ್ಗೊ' ಎಂದರೆ 'ಆದ್ದರಿಂದ', ಬೇರೇನೂ ಇಲ್ಲ. ಅದರ ಮೊದಲು ಬಂದ ಮಾತಿನಿಂದ ನಂತರದ್ದು ನಿಜಕ್ಕೂ ಹೊರಡದಿದ್ದರೆ ಆ ಜಿಗಿತಕ್ಕೆ 'ನಾನ್ ಸೆಕ್ವಿಟರ್' ಎನ್ನುತ್ತಾರೆ, 'ಹಿಂಬಾಲಿಸಿ ಬರುವುದಿಲ್ಲ' ಎಂದು ಅರ್ಥ. "ಇವರು ಹತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿದವರು, ಆದ್ದರಿಂದ ಊರಿನ ಶಾಲಾ ಸಮಿತಿಗೆ ಇವರೇ ಸರಿ" ಎಂಬ ಮಾತಿನಲ್ಲಿ ನಡುವಿನ ಒಂದು ಮೆಟ್ಟಿಲು ಕಾಣೆಯಾಗಿದೆ. ಹೋಟೆಲು ನಡೆಸಿದವರಿಗೆ ಲೆಕ್ಕಪತ್ರ ಗೊತ್ತು, ಸಮಿತಿಗೆ ಬೇಕಾದದ್ದೂ ಅದೇ ಎಂದು ಸೇರಿಸಿದರೆ ವಾದ ನಿಲ್ಲಬಹುದು. ಹಾಗಾಗಿ ನಾನ್ ಸೆಕ್ವಿಟರ್ ಎಂದು ತಳ್ಳಿಹಾಕುವ ಮೊದಲು "ನಡುವೆ ಏನು ಬಿಟ್ಟಿರಿ?" ಎಂದು ಕೇಳುವುದು ನ್ಯಾಯ.

## ಸರಿಯಾದ ನಡೆ

ಮೋಡಸ್ ಪೊನೆನ್ಸ್, ಮೋಡಸ್ ಟೊಲೆನ್ಸ್: ಪ್ರತಿ ಸಲ ಅದಲು ಬದಲು ಆಗ್ತದೆ. ನೆನಪಿಟ್ಟುಕೊಳ್ಳುದು ಹೇಗೆ?

'ಪೊನೆರೆ' ಎಂದರೆ ಇಡುವುದು, 'ಟೊಲೆರೆ' ಎಂದರೆ ತೆಗೆಯುವುದು. ಮೊದಲನೆಯದು ಇಟ್ಟು ಮುಂದೆ ಹೋಗುವ ನಡೆ, ಎರಡನೆಯದು ತೆಗೆದು ಹಿಂದೆ ಬರುವ ನಡೆ.

ಅಡಿಕೆ ತೋಟಕ್ಕೆ ಮದ್ದು ಬಿಡುವವರು (ಸಿಂಪಡಿಸುವವರು) ಎರಡನ್ನೂ ದಿನವೂ ಮಾಡುತ್ತಾರೆ. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ ಆಮೇಲೆ ಕೂಡಿಸುವುದು. ಹದ ನೋಡಲು ಉಜ್ಜಿ ಚೊಕ್ಕ ಮಾಡಿದ ಕಬ್ಬಿಣದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಅಲಗಿಗೆ ಕೆಂಪಗೆ ಹಿಡಿಯುತ್ತದೆ.

ಈಗ ತರ್ಕ ನೋಡಿ. "ಸುಣ್ಣ ಸಾಕಾಗಿದ್ದರೆ ಅಲಗು ಕೆಂಪಾಗುವುದಿಲ್ಲ" ಎಂಬುದು ನಿಯಮ. ಸುಣ್ಣ ಸಾಕಾಗಿದೆ, ಆದ್ದರಿಂದ ಅಲಗು ಕೆಂಪಾಗುವುದಿಲ್ಲ: ಇದು ಪೊನೆನ್ಸ್. ಅಲಗು ಕೆಂಪಾಗಿದೆ, ಆದ್ದರಿಂದ ಸುಣ್ಣ ಸಾಲದು, ಇನ್ನಷ್ಟು ಹಾಕು: ಇದು ಟೊಲೆನ್ಸ್. ಎರಡೂ ಗಟ್ಟಿ.

ಎಡವುವುದು ಮೂರನೆಯ ಜಾಗದಲ್ಲಿ. "ಅಲಗು ಕೆಂಪಾಗಲಿಲ್ಲ, ಆದ್ದರಿಂದ ಮದ್ದು ಸರಿಯಾಗಿದೆ." ಇದು ಹೊರಡುವುದಿಲ್ಲ. 1 ಕಿಲೊ ಬದಲು ಕಾಲು ಕಿಲೊ ಮೈಲುತುತ್ತು ಹಾಕಿದ್ದರೂ ಅಲಗು ಬೆಳ್ಳಗೇ ಉಳಿಯುತ್ತದೆ, ಮದ್ದು ಮಾತ್ರ ತೆಳು. ಮಲ್ಪೆಯ ಉದಾಹರಣೆ ಬೇಕಾದರೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಬಂಗುಡೆ ತುಟ್ಟಿ. ಹಾಗೆಂದು ಬಂಗುಡೆ ತುಟ್ಟಿಯಾದಾಗಲೆಲ್ಲ ನಿಷೇಧ ಉಂಟು ಎನ್ನಲಾಗದು. ಗಾಳಿ ಎದ್ದು ನಾಲ್ಕು ದಿನ ದೋಣಿ ಇಳಿಯದಿದ್ದರೂ ತುಟ್ಟಿಯೇ.

ರಿಡಕ್ಷಿಯೊ ಆಡ್ ಅಬ್ಸರ್ಡಂ ಅಂದ್ರೆ ಎದುರಿನವರ ಮಾತನ್ನು ಹಾಸ್ಯ ಮಾಡುದಾ?

ಹಾಸ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಎದುರು ಪಕ್ಷವನ್ನು ಸ್ವಲ್ಪ ಹೊತ್ತು ನಿಜವೆಂದೇ ಒಪ್ಪಿ, ಅದರಿಂದ ಹೆಜ್ಜೆ ಹೆಜ್ಜೆಯಾಗಿ ನಡೆದು, ಯಾರೂ ಒಪ್ಪಲಾಗದ ಜಾಗಕ್ಕೆ ತಲುಪಿಸುವುದು. ಹೆಸರುವಾಸಿಯಾದ ಉದಾಹರಣೆ 2ರ ವರ್ಗಮೂಲ. ಅದು ಭಿನ್ನರಾಶಿ ಎಂದು ಒಪ್ಪೋಣ. ಸಂಕ್ಷೇಪಿಸಿ ಮುಗಿಸಿದ ಭಿನ್ನರಾಶಿಯ ಮೇಲಿನ ಸಂಖ್ಯೆ 'ಅ', ಕೆಳಗಿನದು 'ಬ'. ಆಗ 'ಅ'ದ ವರ್ಗ 'ಬ'ದ ವರ್ಗದ ಎರಡರಷ್ಟು. ಅಂದರೆ 'ಅ' ಸಮಸಂಖ್ಯೆ. ಸಮಸಂಖ್ಯೆಯ ವರ್ಗವನ್ನು 4 ಭಾಗಿಸುತ್ತದೆ, ಆದ್ದರಿಂದ 'ಬ'ದ ವರ್ಗವೂ ಸಮ, 'ಬ'ವೂ ಸಮ. ಎರಡೂ ಸಮವಾದರೆ ಇನ್ನೂ ಸಂಕ್ಷೇಪಿಸಬಹುದಿತ್ತು, ನಾವೋ ಸಂಕ್ಷೇಪಿಸಿ ಮುಗಿಸಿದ್ದೇವೆ. ಒಪ್ಪಿಕೊಂಡದ್ದೇ ತಪ್ಪು ಎಂದಾಯಿತು.

ಪ್ರತಿ ಹೆಜ್ಜೆಯೂ ಗಟ್ಟಿಯಾಗಿರಬೇಕು. "ಮಕ್ಕಳಿಗೆ ಮೊಬೈಲು ಕೊಟ್ಟರೆ ನಾಳೆ ಕಾರು ಕೇಳುತ್ತಾರೆ, ನಾಡಿದ್ದು ಮನೆ ಬರೆದುಕೊಡಿ ಅನ್ನುತ್ತಾರೆ" ಎನ್ನುವುದು ರಿಡಕ್ಷಿಯೊ ಅಲ್ಲ. ಅಲ್ಲಿ ಒಂದರಿಂದ ಇನ್ನೊಂದು ಹೊರಡಲೇಬೇಕೆಂಬ ಬಿಗಿ ಇಲ್ಲ, ಭಯ ಮಾತ್ರ ಉಂಟು.

ಗಣಿತದ ಕೊನೆಗೆ ಬರೆಯುವ 'ಕ್ಯು.ಇ.ಡಿ.'?

'ಕ್ವೋಡ್ ಎರಾಟ್ ಡೆಮೊನ್‌ಸ್ಟ್ರಾಂಡುಮ್', 'ಯಾವುದನ್ನು ಸಾಧಿಸಬೇಕಿತ್ತೋ ಅದು'. ಯೂಕ್ಲಿಡ್‌ನ ಗ್ರೀಕ್ ಮಾತಿನ ಲ್ಯಾಟಿನ್ ರೂಪ. ಆರಂಭದಲ್ಲಿ ಏನನ್ನು ಸಾಧಿಸುತ್ತೇನೆ ಎಂದಿದ್ದಿರೋ ಅದನ್ನೇ ಸಾಧಿಸಿದ್ದರೆ ಮಾತ್ರ ಬರೆಯಿರಿ. ಪಕ್ಕದ ಬೇರಾವುದನ್ನೋ ಸಾಧಿಸಿ ಗೆದ್ದೆ ಎನ್ನುವುದಕ್ಕೆ 'ಇಗ್ನೊರಾಷಿಯೊ ಎಲೆಂಕಿ' ಎಂಬ ಬೇರೆ ಹೆಸರುಂಟು.

## ಕಾಲು ಜಾರುವ ಜಾಗಗಳು

ಯಾರಾದ್ರೂ ಬೈದ್ರೆ ಅದು ಆಡ್ ಹೋಮಿನೆಂ ಅಲ್ವಾ?

ಬೈಗುಳ ಬೈಗುಳವೇ. ಬೈಗುಳವನ್ನು ಕಾರಣದ ಜಾಗದಲ್ಲಿ ಕೂರಿಸಿದಾಗ ಮಾತ್ರ ಅದು ಆಡ್ ಹೋಮಿನೆಂ, 'ವ್ಯಕ್ತಿಯ ಕಡೆಗೆ ತಿರುಗಿದ ವಾದ'. "ನಿಮ್ಮ ಲೆಕ್ಕದಲ್ಲಿ ಸಾಗಾಟದ ಖರ್ಚು ಬಿಟ್ಟುಹೋಗಿದೆ, ಅಷ್ಟೂ ಗೊತ್ತಾಗುವುದಿಲ್ವಾ ನಿಮಗೆ?" ಎಂಬಲ್ಲಿ ಒರಟುತನ ಉಂಟು, ತಪ್ಪು ತರ್ಕ ಇಲ್ಲ. "ಇವರು ಊರಿಗೆ ಹೊಸಬರು, ಇವರ ಲೆಕ್ಕ ನೋಡುವುದೇ ಬೇಡ" ಎಂಬುದು ಎಷ್ಟು ಮೆತ್ತಗೆ ಹೇಳಿದರೂ ಆಡ್ ಹೋಮಿನೆಂ.

ಇನ್ನೊಂದು ಕಡೆ ಎಚ್ಚರ ಬೇಕು. ಒಬ್ಬರ ಮಾತನ್ನು ಅವರ ಮೇಲಿನ ನಂಬಿಕೆಯಿಂದ ಮಾತ್ರ ಒಪ್ಪಬೇಕಾದಾಗ ವ್ಯಕ್ತಿಯ ಬಗ್ಗೆ ಕೇಳುವುದು ಸರಿ. "ಕತ್ತಲಲ್ಲಿ 50 ಮೀಟರ್ ದೂರದಿಂದ ಕಂಡೆ" ಎಂದ ಸಾಕ್ಷಿಗೆ ಕಣ್ಣು ಹೇಗಿದೆ ಎಂದು ಕೇಳದೆ ಇರಲಾಗದು.

ತಾಳಮದ್ದಳೆಯಲ್ಲಿ ವಾಲಿಗೆ ರಾಮ "ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವ" ಅಂತ ಹೇಳ್ತಾನಲ್ಲ, ಅದು ಟೂ ಕ್ವೋಕ್ವೆ ಆಗುದಿಲ್ವಾ?

ಒಳ್ಳೆಯ ಪ್ರಶ್ನೆ, ಅರ್ಥಧಾರಿಗಳೂ (ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವರು) ಇದನ್ನು ತೂಗಿ ನೋಡಬೇಕು. 'ಟೂ ಕ್ವೋಕ್ವೆ' ಎಂದರೆ 'ನೀನೂ ಕೂಡ'. ತನ್ನ ಮೇಲಿನ ಆರೋಪಕ್ಕೆ ಉತ್ತರಿಸದೆ ಆರೋಪಿಸಿದವನ ತಪ್ಪನ್ನು ಎತ್ತಿ ತೋರಿಸುವುದು.

ವಾಲಿಯ ಪ್ರಶ್ನೆಯಲ್ಲಿ ಎರಡು ಎಳೆಗಳಿವೆ. ಒಂದು, ನನ್ನನ್ನು ಯಾಕೆ ಕೊಂದೆ? ಇನ್ನೊಂದು, ಬೇರೆಯವನೊಂದಿಗೆ ಹೋರಾಡುತ್ತಿದ್ದಾಗ ಮರೆಯಿಂದ ಯಾಕೆ ಹೊಡೆದೆ? ರುಮೆಯನ್ನು ಇಟ್ಟುಕೊಂಡ ವಿಷಯ ಮೊದಲನೆಯದಕ್ಕೆ ನೇರ ಉತ್ತರ, ಅದು ದಂಡನೆಗೆ ಕಾರಣ. ಅಲ್ಲಿ ಟೂ ಕ್ವೋಕ್ವೆ ಇಲ್ಲ. ಎರಡನೆಯದಕ್ಕೂ ಅದನ್ನೇ ಹೇಳಿದರೆ ಟೂ ಕ್ವೋಕ್ವೆಯ ವಾಸನೆ ಬರುತ್ತದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ರಾಮ ಎರಡನೆಯದಕ್ಕೆ ಬೇರೆ ಉತ್ತರವನ್ನೇ ಕೊಡುತ್ತಾನೆ: ನೀನು ಶಾಖಾಮೃಗ, ಅಂದರೆ ಮಂಗ, ಬೇಟೆಯಲ್ಲಿ ಮರೆಯಿಂದ ಹೊಡೆಯುವುದು ರಾಜರಿಗೆ ಸಲ್ಲುತ್ತದೆ.

ಪಳಗಿದ ವಾಲಿ ಇಲ್ಲಿಯೇ ಹಿಡಿಯಬಹುದು: "ನಾನು ಮೃಗವಾದರೆ ಧರ್ಮಶಾಸ್ತ್ರದ ದಂಡ ನನಗೆ ಹೇಗೆ? ದಂಡ ಸಲ್ಲುವುದಾದರೆ ನಾನು ಬೇಟೆಯ ಮೃಗ ಹೇಗೆ?" ರಾಮನೇ ಒಪ್ಪಿದ ಎರಡು ಮಾತುಗಳನ್ನು ಒಂದಕ್ಕೊಂದು ತಾಗಿಸಿದ ಈ ನಡೆಗೂ ಲ್ಯಾಟಿನ್ ಹೆಸರು ಆಡ್ ಹೋಮಿನೆಂ! 1690ರ ತನ್ನ ಗ್ರಂಥದಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಈ ಪದಕ್ಕೆ ಕೊಟ್ಟ ಅರ್ಥ ಇದೇ: ಎದುರಿನವನ ಸ್ವಂತ ಒಪ್ಪಿಗೆಗಳಿಂದಲೇ ಅವನನ್ನು ಕಟ್ಟುವುದು. ಈ ಹಳೆಯ ಅರ್ಥದಲ್ಲಿ ಅದು ದೋಷವಲ್ಲ, ಚಂದದ ವಾದ. ರಾಮನ ಅರ್ಥಧಾರಿಗೆ ಉತ್ತರ ಇಲ್ಲದಿಲ್ಲ. ಬೇಟೆಯ ಮಾತನ್ನು ಬಿಟ್ಟು "ಇದು ಯುದ್ಧವಲ್ಲ, ದಂಡನೆ. ಎದುರು ನಿಂತು ಹೊಡೆಯಬೇಕೆಂಬ ನಿಯಮ ಯುದ್ಧದ್ದು" ಎಂದು ನಿಂತರೆ ಎರಡೂ ಎಳೆಗಳಿಗೆ ಒಂದೇ ಗಂಟು ಬೀಳುತ್ತದೆ. ವಾಲಿ ಮತ್ತೆ ದಂಡಿಸುವ ಅಧಿಕಾರ ಯಾರದೆಂದು ಕೇಳಬೇಕಾಗುತ್ತದೆ, ಪ್ರಸಂಗ ಮುಂದೆ ಹೋಗುತ್ತದೆ.

ಮದ್ದು ಬಿಟ್ಟೆ, ಕೊಳೆರೋಗ ಬರಲಿಲ್ಲ. ಇದೂ ಪೋಸ್ಟ್ ಹಾಕ್ ಅಂತ ಹೇಳ್ತೀರಾ?

'ಪೋಸ್ಟ್ ಹಾಕ್, ಎರ್ಗೊ ಪ್ರಾಪ್ಟರ್ ಹಾಕ್': ಇದರ ನಂತರ, ಆದ್ದರಿಂದ ಇದರಿಂದ. ನಮ್ಮಲ್ಲಿ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ, ಸಂಸ್ಕೃತದಲ್ಲಿ ಕಾಕತಾಳೀಯ.

ನಿಮ್ಮ ಒಂದು ವರ್ಷದ ಅನುಭವ ಮಾತ್ರ ಆಧಾರವಾದರೆ ಹೌದು, ಅದು ಪೋಸ್ಟ್ ಹಾಕ್. ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂದು ಬಿಸಿಲು ಬಿದ್ದಿದ್ದರೆ ಮದ್ದು ಬಿಡದ ತೋಟದಲ್ಲೂ ಅಡಿಕೆಯ ಕೊಳೆ ಕಮ್ಮಿ. ತೀರ್ಮಾನ ಗಟ್ಟಿಯಾಗಲು ಎರಡು ಬೇಕು. ಮೊದಲನೆಯದು ಹೋಲಿಕೆ: ಅದೇ ಮಳೆ, ಅದೇ ತಳಿ, ಅದೇ ವಯಸ್ಸಿನ ಮರಗಳು, ಕೆಲವಕ್ಕೆ ಮದ್ದು ಇಲ್ಲ. ಗಾಳಿಗೆ ಮದ್ದು ಹಾರಿ ಪಕ್ಕದ ಗೊನೆಗೆ ತಾಗುವುದರಿಂದ ಎರಡು ಗುಂಪುಗಳ ನಡುವೆ ಅಂತರ ಬಿಡಬೇಕು. ಎರಡನೆಯದು ಕಾರಣದ ದಾರಿ: ಕೊಳೆಗೆ ಕಾರಣ ಫೈಟೊಫ್ತೊರ ಎಂಬ ರೋಗಾಣು, ಬೋರ್ಡೋದ ತಾಮ್ರ ಅದರ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಬೋರ್ಡೋದ ವಿಷಯದಲ್ಲಿ ಇವೆರಡೂ ಸಿದ್ಧವಾಗಿವೆ, ಆದ್ದರಿಂದ ಮಳೆಗಾಲಕ್ಕೆ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬಿಡುವುದನ್ನು ನಿಲ್ಲಿಸಬೇಡಿ. ನಿಮ್ಮ ತೀರ್ಮಾನ ಸರಿ, ನೀವು ಕೊಟ್ಟ ಕಾರಣ ಮಾತ್ರ ಸಾಲದು.

ಪೆಟಿಷಿಯೊ ಪ್ರಿನ್ಸಿಪಿಯೈ ಅಂದ್ರೆ ಅರ್ಜಿ ಕೊಡುದಾ?

ಶಬ್ದ ಹಾಗೆ ಕೇಳಿಸುತ್ತದೆ, ನಿಜ. ಸಾಧಿಸಬೇಕಾದದ್ದನ್ನೇ ಆರಂಭದಲ್ಲಿ ಬೇಡಿ ಪಡೆಯುವುದು ಎಂದು ಅರ್ಥ. "ಈ ಹೋಟೆಲಿನ ಗೋಳಿಬಜೆ ಊರಿಗೇ ಶ್ರೇಷ್ಠ, ಯಾಕೆಂದರೆ ಇದಕ್ಕಿಂತ ಒಳ್ಳೆಯದು ಎಲ್ಲೂ ಇಲ್ಲ." ಇಷ್ಟು ಚಿಕ್ಕ ಸುತ್ತು ಎಲ್ಲರಿಗೂ ಕಾಣುತ್ತದೆ. ಸುತ್ತು ದೊಡ್ಡದಾದರೆ ಮೋಸಹೋಗುತ್ತೇವೆ: ಪತ್ರ ನಂಬಬಹುದು, ಸಹಿ ಅಸಲಿ. ಸಹಿ ಅಸಲಿ, ನೋಟರಿ ಹಾಗೆ ಬರೆದಿದ್ದಾರೆ. ನೋಟರಿ ಬರೆದದ್ದು ಹೌದು, ಈ ಪತ್ರದಲ್ಲೇ ಉಂಟಲ್ಲ! ಹಿಡಿಯುವ ಉಪಾಯ: ಕಾರಣಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದು ಪ್ರತಿಯೊಂದಕ್ಕೂ "ಇದು ಹೇಗೆ ಗೊತ್ತು?" ಎಂದು ಕೇಳಿ. ಬರೆದಾಗಿರುವ ಸಾಲಿಗೇ ಮರಳಿದರೆ ಸುತ್ತು ಸಿಕ್ಕಿತು.

"ಇಲ್ಲ ಅಂತ ಯಾರೂ ತೋರಿಸಿಲ್ಲ, ಹಾಗಾದ್ರೆ ಉಂಟು": ಇದಕ್ಕೆಂತ ಹೆಸರು?

ಆಡ್ ಇಗ್ನೊರಾಂಷಿಯಂ, ತಿಳಿಯದಿರುವುದನ್ನೇ ಆಧಾರ ಮಾಡುವುದು. ಇದಕ್ಕೆ ಮದ್ದು 'ಓನಸ್ ಪ್ರೊಬಾಂಡಿ', ಸಾಬೀತಿನ ಹೊಣೆ ಹೇಳಿದವನದ್ದು. ನಮ್ಮ ಕಾನೂನಿನಲ್ಲೂ ಇದು ಉಂಟು: ಹಳೆಯ 1872ರ ಸಾಕ್ಷ್ಯ ಕಾಯ್ದೆಯ 101ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೇ ಕಲಂ.

ಆದರೆ ಕಾಣದಿರುವುದು ಎಂದೂ ಪುರಾವೆಯಲ್ಲ ಎಂದುಕೊಳ್ಳಬೇಡಿ. ಮೀಮಾಂಸಕರ (ವೇದವಾಕ್ಯಗಳ ಅರ್ಥ ವಿಚಾರಿಸುವ ದರ್ಶನದವರ) 'ಯೋಗ್ಯಾನುಪಲಬ್ಧಿ' ಇಲ್ಲಿ ಲ್ಯಾಟಿನ್‌ಗಿಂತ ಸೂಕ್ಷ್ಮ: ಇದ್ದಿದ್ದರೆ ಕಾಣಲೇಬೇಕಾದ ವಸ್ತು ಕಾಣದಿದ್ದರೆ ಅದು ಇಲ್ಲ. ಬೆಳಕಿರುವ ಅಂಗಳದಲ್ಲಿ ಕೊಡಪಾನ ಕಾಣದಿದ್ದರೆ ಕೊಡಪಾನ ಅಲ್ಲಿಲ್ಲ. ನೆಲದಡಿಯ ನೀರಿಗೆ ಈ ಮಾತು ಸಲ್ಲದು.

ಡಾಕ್ಟರು ಹೇಳಿದ್ದನ್ನು ನಂಬುದೂ ತಪ್ಪಾ?

ಅಲ್ಲ. 'ಆಡ್ ವೆರೆಕುಂಡಿಯಂ' ಎಂದರೆ ಗೌರವದ ಸಂಕೋಚವನ್ನು ಬಳಸಿ ಬಾಯಿ ಮುಚ್ಚಿಸುವುದು. ಹೃದಯದ ಡಾಕ್ಟರು ಹೃದಯದ ಬಗ್ಗೆ ಹೇಳಿದ್ದು ಆಧಾರ, ಅಡಿಕೆಯ ಬಗ್ಗೆ ಹೇಳಿದ್ದು ಅಭಿಪ್ರಾಯ. ಊರಿಡೀ ನಂಬುತ್ತದೆ ಎಂಬ ಕಾರಣ ಕೊಟ್ಟರೆ ಅದು 'ಆಡ್ ಪಾಪ್ಯುಲಂ'.

## ಕೋರ್ಟಿನ ಮಾತು

ಕೋರ್ಟು 'ಪ್ರೈಮಾ ಫೇಸಿ ಕೇಸ್ ಉಂಟು' ಅಂದ್ರೆ ನಾವು ಗೆದ್ದ ಹಾಗೆಯಾ?

ಇಲ್ಲ. ಮೇಲ್ನೋಟಕ್ಕೆ ವಿಚಾರಿಸುವಂಥ ವಿಷಯ ಉಂಟು ಎಂದಷ್ಟೇ. ತಾತ್ಕಾಲಿಕ ತಡೆಯಾಜ್ಞೆ ಕೇಳುವಾಗ ಕೋರ್ಟು ಮೂರು ನೋಡುತ್ತದೆ: ಮೇಲ್ನೋಟದ ಪ್ರಕರಣ, ತಡೆ ಕೊಟ್ಟರೆ ಮತ್ತು ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ತುಂಬಿಕೊಡಲಾಗದ ನಷ್ಟ. ಮೊದಲನೆಯದು ಸಿಕ್ಕಿ ಉಳಿದೆರಡು ಸಿಗದೆ ತಡೆ ಸಿಗದಿರಬಹುದು. ತಡೆ ಸಿಕ್ಕಿಯೂ ಕೊನೆಗೆ ದಾವೆ ಸೋಲಬಹುದು.

ತೀರ್ಪಿನಲ್ಲಿ ನ್ಯಾಯಾಧೀಶರು ಬರೆದದ್ದೆಲ್ಲ ಮುಂದಿನ ಕೇಸಿಗೆ ಆಧಾರ ಆಗ್ತದಾ?

'ರೇಷಿಯೊ ಡಿಸಿಡೆಂಡಿ', ತೀರ್ಪು ನಿಂತ ಕಾರಣ, ಅದು ಮಾತ್ರ ಕಟ್ಟುತ್ತದೆ. ದಾರಿಯಲ್ಲಿ ಹೇಳಿದ ಮಾತು 'ಒಬಿಟರ್ ಡಿಕ್ಟಾ', ಗೌರವಕ್ಕೆ ಅರ್ಹ, ಆದರೆ ಕಟ್ಟುವುದಿಲ್ಲ. ಬೇರ್ಪಡಿಸುವ ಬಗೆ: ಆ ವಾಕ್ಯವನ್ನು ತಿರುಗಿಸಿ ಹಾಕಿ ನೋಡಿ. ತೀರ್ಪು ಬದಲಾಗುವುದಾದರೆ ಅದು ರೇಷಿಯೊ ಆಗಿರಬಹುದು. ಏನೂ ಬದಲಾಗದಿದ್ದರೆ ಸಾಮಾನ್ಯವಾಗಿ ಒಬಿಟರ್. ಒಂದೇ ತೀರ್ಪಿಗೆ ಎರಡು ಸ್ವತಂತ್ರ ಕಾರಣಗಳಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ, ಒಂದನ್ನು ತೆಗೆದರೂ ಇನ್ನೊಂದು ಹೊರುತ್ತದಲ್ಲ.

## ಸ್ವಲ್ಪ ಆಳಕ್ಕೆ

'ಎ ಪ್ರಯೋರಿ' ಅಂದ್ರೆ ಪೂರ್ವಗ್ರಹ ಅಂತ ಪೇಪರಿನಲ್ಲಿ ಓದಿದ್ದೆ. ಹೌದಾ?

ಅಲ್ಲ. ಅನುಭವದ ಆಧಾರ ಬೇಡದೆ ತಿಳಿಯುವಂಥದ್ದು ಎ ಪ್ರಯೋರಿ: 7 ಮತ್ತು 5 ಸೇರಿದರೆ 12. ನೋಡಿ, ಕೇಳಿ, ರುಚಿ ನೋಡಿ ತಿಳಿಯಬೇಕಾದದ್ದು ಎ ಪೊಸ್ಟೀರಿಯೋರಿ: ಏಪ್ರಿಲಿನಲ್ಲಿ ಹೊಳೆಬದಿಯ ಬಾವಿಯ ನೀರು ಉಪ್ಪಾಗಿದೆ. ಪೂರ್ವಗ್ರಹ ಎಂದರೆ ಬಾವಿಯ ನೀರು ಕುಡಿಯದೆಯೇ ಉಪ್ಪು ಎನ್ನುವುದು.

'ಎ ಫೋರ್ಷಿಯೊರಿ'ಗೆ ಕನ್ನಡದಲ್ಲಿ ಶಬ್ದ ಉಂಟಾ?

ಕೈಮುತಿಕ ನ್ಯಾಯ. 'ಕಿಮುತ', ಇನ್ನು ಹೇಳಬೇಕೇ ಎಂಬುದರಿಂದ ಬಂದದ್ದು. ದೊಡ್ಡ ದೋಣಿಯೇ ಅಳಿವೆ ದಾಟಲು ಅಂಜುವ ಗಾಳಿ, ಇನ್ನು ನಾಡದೋಣಿಯ ಮಾತೇನು! ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದಿದ್ದೀರಾ ಎಂದು ಮಾತ್ರ ನೋಡಿಕೊಳ್ಳಿ. ಆಳವಿಲ್ಲದ ನೀರಿನ ಪ್ರಶ್ನೆಯಾದರೆ ನಾಡದೋಣಿಯೇ ಸುಲಭವಾಗಿ ದಾಟುತ್ತದೆ, ವಾದ ತಲೆಕೆಳಗಾಗುತ್ತದೆ.

ಬಾರ್ಬರಾ, ಸೆಲಾರೆಂಟ್: ಇದು ಯಾರ ಹೆಸರು?

ಯಾರದ್ದೂ ಅಲ್ಲ. ಮೂರು ವಾಕ್ಯಗಳ ವಾದದ ರೂಪಗಳಿಗೆ 13ನೇ ಶತಮಾನದ ಅಧ್ಯಾಪಕರು ಮಕ್ಕಳಿಗೆ ಬಾಯಿಪಾಠಕ್ಕೆ ಕಟ್ಟಿದ ಸಂಕೇತಗಳು. ಸ್ವರಗಳಲ್ಲಿ ಗುಟ್ಟು ಉಂಟು: 'ಆ' ಎಂದರೆ ಎಲ್ಲವೂ ಹೌದು, 'ಎ' ಎಂದರೆ ಯಾವುದೂ ಅಲ್ಲ, 'ಇ' ಕೆಲವು ಹೌದು, 'ಓ' ಕೆಲವು ಅಲ್ಲ. ಸೆಲಾರೆಂಟ್‌ನ ಸ್ವರಗಳು ಎ, ಆ, ಎ. ಯಾವ ಸಸ್ತನಿಗೂ ಕಿವಿರಿಲ್ಲ. ಎಲ್ಲ ಡಾಲ್ಫಿನ್‌ಗಳೂ ಸಸ್ತನಿಗಳು. ಆದ್ದರಿಂದ ಯಾವ ಡಾಲ್ಫಿನ್‌ಗೂ ಕಿವಿರಿಲ್ಲ. ಬಾರ್ಬರಾದಲ್ಲಿ ಮೂರೂ 'ಆ'.

ನಮ್ಮ ನ್ಯಾಯಶಾಸ್ತ್ರದಲ್ಲಿ ಇದೆಲ್ಲ ಮೊದಲೇ ಇತ್ತಲ್ವಾ? ಒಂದಕ್ಕೊಂದು ಕೂಡಿಸಬಹುದಾ?

ಮಧ್ವ ಪರಂಪರೆಯ ಯತಿ ವ್ಯಾಸತೀರ್ಥರ 'ತರ್ಕತಾಂಡವ'ದಂಥ ಗ್ರಂಥಗಳ ಪರಂಪರೆ ಇರುವ ಉಡುಪಿಯಲ್ಲಿ ಈ ಪ್ರಶ್ನೆ ಬರುವುದು ಸಹಜ. ಕೆಲವು ಚೆನ್ನಾಗಿ ಕೂಡುತ್ತವೆ. ಶಾಸ್ತ್ರದ ಪಾರಿಭಾಷಿಕ 'ತರ್ಕ', "ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ" ಎಂಬುದು, ರಿಡಕ್ಷಿಯೊದ ಹತ್ತಿರದ ನೆಂಟ. ಅನವಸ್ಥೆ ಎಂದರೆ 'ರಿಗ್ರೆಸಸ್ ಆಡ್ ಇನ್ಫಿನಿಟಂ'. ಅನ್ಯೋನ್ಯಾಶ್ರಯ (ಎರಡು ಮಾತುಗಳು ಒಂದನ್ನೊಂದು ಆಧರಿಸುವುದು) ಪೆಟಿಷಿಯೊದ ಒಂದು ಬಗೆ. ಮೇಲೆ ಹೇಳಿದ ಬಂಗುಡೆಯ ತಪ್ಪನ್ನು ನೈಯಾಯಿಕರು (ನ್ಯಾಯ ದರ್ಶನದ ತಾರ್ಕಿಕರು) 'ಉಪಾಧಿ'ಯಿಂದ, ಅಂದರೆ ಹೇಳದೆ ಬಿಟ್ಟ ಷರತ್ತಿನಿಂದ, ತೋರಿಸುತ್ತಾರೆ: ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂದರೆ ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆಗೆ ಹಸಿ ಸೌದೆ ಬೇಕು, ಅದೇ ಉಪಾಧಿ.

ಪೂರ್ತಿ ಕೂಡಿಸಲು ಹೋಗಬೇಡಿ. ಲ್ಯಾಟಿನ್ ಪಾಠದಲ್ಲಿ ರೂಪ ಸರಿಯಿದ್ದರೆ ವಾದ ಸಿಂಧು, ಹೇಳಿದ ಮಾತು ಸುಳ್ಳಿದ್ದರೂ. ನ್ಯಾಯದ ಹೇತ್ವಾಭಾಸದಲ್ಲಿ (ಕಾರಣದಂತೆ ಕಾಣುವ ಹುಸಿ ಕಾರಣಗಳ ವಿಚಾರದಲ್ಲಿ) ಹೇತು, ಅಂದರೆ ಕೊಟ್ಟ ಕಾರಣ, ನಿಜಕ್ಕೂ ಅಲ್ಲಿ ಉಂಟೇ ಎಂಬುದೂ ಪರೀಕ್ಷೆಯ ಭಾಗ. ಬೆಟ್ಟದ ಮೇಲೆ ಕಂಡದ್ದು ಹೊಗೆಯಲ್ಲ, ಮಂಜು ಎಂದಾದರೆ ಲ್ಯಾಟಿನ್ ಪಂಡಿತ 'ರೂಪ ಸರಿ, ಆಧಾರ ಸುಳ್ಳು' ಎನ್ನುತ್ತಾನೆ, ನೈಯಾಯಿಕ 'ಹೇತುವೇ ಅಸಿದ್ಧ' ಎನ್ನುತ್ತಾನೆ.

ಸ್ಪರ್ಧೆಯಲ್ಲಿ ಎದುರಿನವರು "ಇದು ಪೋಸ್ಟ್ ಹಾಕ್" ಅಂತ ಹೇಳಿ ಕೂತುಬಿಟ್ರೆ ಎಂತ ಮಾಡುದು?

ಗಾಬರಿ ಬೇಡ. ಅವರು ಹೆಸರು ಹೇಳಿದ್ದಾರೆ, ತಪ್ಪನ್ನು ಇನ್ನೂ ತೋರಿಸಿಲ್ಲ. "ನನ್ನ ಯಾವ ಎರಡು ವಾಕ್ಯಗಳ ನಡುವೆ?" ಎಂದು ಕೇಳಿ. ಕೇಳಲು ಅವಕಾಶ ಇಲ್ಲದಿದ್ದರೆ ನಿಮ್ಮ ಮರುಮಾತಿನ ಮೊದಲ ಎರಡು ವಾಕ್ಯಗಳನ್ನು ಇದಕ್ಕೇ ಇಡಿ: ಒಂದರಲ್ಲಿ ಹೋಲಿಕೆ, ಇನ್ನೊಂದರಲ್ಲಿ ಕಾರಣದ ದಾರಿ. ಎರಡೂ ಕೈಯಲ್ಲಿಲ್ಲದಿದ್ದರೆ "ಈ ಕಾರಣವನ್ನು ಬಿಡುತ್ತೇನೆ" ಎಂದು ನೇರ ಹೇಳಿ ಇನ್ನೊಂದು ಕಾರಣಕ್ಕೆ ಹೋಗಿ. ಒಂದು ಕಾರಣ ಬಿದ್ದರೆ ತೀರ್ಮಾನವೂ ಸುಳ್ಳು ಎಂದು ಎದುರು ಪಕ್ಷ ಹೇಳಿದರೆ ಅದೇ ಇನ್ನೊಂದು ತಪ್ಪು, ಅದಕ್ಕೆ 'ಆರ್ಗ್ಯುಮೆಂಟಂ ಆಡ್ ಲಾಜಿಕಂ' ಎಂಬ ಹೆಸರೂ ಉಂಟು. ವೇದಿಕೆಯಲ್ಲಿ ಆ ಹೆಸರು ಬೇಡ. "ಒಂದು ಕಂಬ ತೆಗೆದಿದ್ದೀರಿ, ಮಾಡು ಇನ್ನೂ ಮೂರು ಕಂಬದ ಮೇಲೆ ನಿಂತಿದೆ" ಎಂದು ಹೇಳಿ, ಆ ಮೂರನ್ನೂ ಒಂದೊಂದಾಗಿ ಎಣಿಸಿ.